ಆಟ ಮುಗಿದ ಮೇಲಿನ ಹತ್ತು ನಿಮಿಷ

ನಮ್ಮ ಕಾಲೇಜಿನ ಮೈದಾನಕ್ಕೆ ಚೈನ್‌ಲಿಂಕ್ ಬೇಲಿ ಹಾಕಿಸಬೇಕೆಂಬ ಪ್ರಸ್ತಾವ ಈ ವರ್ಷ ಮತ್ತೆ ಬಂದಿದೆ. ದಾವಣಗೆರೆಯಲ್ಲಿ ಇಪ್ಪತ್ತಮೂರು ವರ್ಷ ದೈಹಿಕ ಶಿಕ್ಷಣ ನಿರ್ದೇಶಕನಾಗಿ ದುಡಿದು, ಇನ್ನೆರಡು ವರ್ಷಕ್ಕೆ ನಿವೃತ್ತನಾಗಲಿರುವ ನನ್ನನ್ನು ಪ್ರಾಂಶುಪಾಲರು ಕರೆಸಿ, ಪಂದ್ಯ ಮುಗಿದ ಕೂಡಲೇ ಹುಡುಗರು ಮೈದಾನಕ್ಕೆ ನುಗ್ಗುವುದನ್ನು ತಡೆಯಲು ಬೇಲಿ ಬೇಕೇ ಬೇಡವೇ ಎಂಬುದರ ಬಗ್ಗೆ ಒಂದು ಪುಟದ ಅಭಿಪ್ರಾಯ ಬರೆದುಕೊಡುವಂತೆ ಹೇಳಿದರು. ಒಂದು ಪುಟಕ್ಕೆ ಹಿಡಿಸುವಷ್ಟನ್ನು ಬರೆದುಕೊಟ್ಟಿದ್ದೇನೆ. ಆ ಪುಟದಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪಿನ ಕಥೆ ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ ಅಂತರ ಕಾಲೇಜು ಫುಟ್‌ಬಾಲ್ ಟೂರ್ನಿಯ ಫೈನಲ್ ನಮ್ಮ ಮೈದಾನದಲ್ಲೇ ನಡೆಯಿತು. ಕ್ರಿಕೆಟ್ಟು, ಕುಸ್ತಿ, ಕಬಡ್ಡಿಗಳ ಈ ಊರಿನಲ್ಲಿ ಫುಟ್‌ಬಾಲ್‌ಗೆ ಜನ ಸೇರುವುದೇ ಅಪರೂಪ. ಆದರೆ ಎರಡು ವರ್ಷ ಸತತವಾಗಿ ಫೈನಲ್‌ನಲ್ಲಿ ಸೋತಿದ್ದ ನಮ್ಮ ತಂಡ ಮೂರನೆಯ ಸಲವೂ ಅದೇ ಎದುರಾಳಿಯ ಮುಂದೆ ನಿಂತಿದ್ದುದರಿಂದ, ಆ ಮಧ್ಯಾಹ್ನ ತರಗತಿಗಳು ತಾವಾಗಿಯೇ ಖಾಲಿಯಾಗಿ, ಸಾವಿರದಷ್ಟು ಹುಡುಗ ಹುಡುಗಿಯರು ಸುಣ್ಣದ ಗೆರೆಯ ಅಂಚಿಗೇ ಬಂದು ನಿಂತಿದ್ದರು. ಗೆರೆಗೂ ಅವರ ಕಾಲ್ಬೆರಳಿಗೂ ಒಂದು ಗೇಣು ಅಂತರವಿತ್ತೋ ಇಲ್ಲವೋ. ಥ್ರೋ ಮಾಡಲು ಬಂದ ಆಟಗಾರ ‘ಸ್ವಲ್ಪ ಜಾಗ ಬಿಡ್ರಪ್ಪಾ’ ಎಂದು ಕೇಳಿಕೊಂಡೇ ಚೆಂಡು ಎತ್ತಬೇಕಾಗಿತ್ತು. ನಾನು ಅದನ್ನೆಲ್ಲ ನೋಡುತ್ತಿದ್ದೆ. ನೋಡಿಯೂ ಸುಮ್ಮನಿದ್ದೆ, ಏಕೆಂದರೆ ಅಷ್ಟು ಜನ ಸೇರಿದ್ದೇ ನನಗೆ ದೊಡ್ಡ ಖುಷಿಯಾಗಿತ್ತು.

ಟೈಬ್ರೇಕರ್‌ನ ಕೊನೆಯ ಒದೆತದಲ್ಲಿ ನಾವು ಗೆದ್ದೆವು. ಚೆಂಡು ಬಲೆಗೆ ತಾಗಿದ ಸದ್ದು ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ನಾಲ್ಕೂ ಕಡೆಯಿಂದ ಮಕ್ಕಳು ಒಳಗೆ ನುಗ್ಗಿ, ಯಾರೋ ನಾಲ್ಕೈದು ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿಯತೊಡಗಿದ್ದರು. ಹಾಗೆ ಮೇಲಿನಿಂದ ನೋಡುವಾಗ ಎರಡು ಸಂಗತಿಗಳು ಕಂಡವು. ಕಬ್ಬಿಣದ ಪೈಪಿನ ಗೋಲ್ ಪೋಸ್ಟಿನ ಅಡ್ಡಪಟ್ಟಿಗೆ ಏಳೆಂಟು ಹುಡುಗರು ಜೋತುಬಿದ್ದಿದ್ದರು. ಹಿಂದೆ ಭಾರಕ್ಕೆಂದು ಇಟ್ಟಿದ್ದ ಎರಡು ಮರಳಿನ ಚೀಲಗಳಲ್ಲಿ ಒಂದು ಹರಿದು ಮರಳು ಸುರಿಯುತ್ತಿತ್ತು, ಇಡೀ ಚೌಕಟ್ಟು ಮುಂದಕ್ಕೆ ವಾಲುತ್ತಿತ್ತು. ಅದರ ಬುಡದಲ್ಲೇ ಸೋತ ತಂಡದ ಗೋಲ್‌ಕೀಪರ್ ಮಂಡಿಯೂರಿ, ಎರಡೂ ಕೈಗಳನ್ನು ನೆಲಕ್ಕೆ ಊರಿ ಅಳುತ್ತಿದ್ದ. ನಾನು ‘ಇಳಿಸ್ರೋ, ಲೇ, ಇಳಿಸ್ರೋ’ ಎಂದು ಕೂಗಿಕೊಂಡೆ. ಅವರು ಅದನ್ನು ಸಂತೋಷದ ಕೂಗೆಂದೇ ತಿಳಿದು ಇನ್ನಷ್ಟು ಎತ್ತರಕ್ಕೆ ಎತ್ತಿದರು. ಪುಣ್ಯಕ್ಕೆ ಪೋಸ್ಟು ಬೀಳಲಿಲ್ಲ; ಯಾರೋ ಇಬ್ಬರು ಹಿಂದಿನಿಂದ ಹಿಡಿದುಕೊಂಡರು. ಆದರೆ ಆ ಗೋಲ್‌ಕೀಪರ್‌ನ ಎಡಗೈ ಮೇಲೆ ಸ್ಟಡ್ಸ್ ಇದ್ದ ಬೂಟೊಂದು ಹಾದುಹೋಯಿತು. ನಾನು ಅವನ ಬಳಿ ತಲುಪುವಷ್ಟರಲ್ಲಿ ಕೈಗವಸು ಬಿಚ್ಚಲಾಗದಷ್ಟು ಬಾವು ಬಂದಿತ್ತು. ಅಂಗೈಯ ಎರಡು ಎಲುಬು ಮುರಿದಿವೆ ಎಂಬುದು ಎಕ್ಸ್‌ರೇ ತೆಗೆಸಿದ ಮೇಲೆ ತಿಳಿಯಿತು. ಬೂಟು ಯಾರದ್ದೆಂಬುದು ಇಂದಿಗೂ ಗೊತ್ತಿಲ್ಲ. ಯಾರೂ ಬೇಕೆಂದು ತುಳಿದಿರಲಿಲ್ಲ ಎಂಬುದಂತೂ ನಿಜ. ಆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಅವನ ತಂದೆಯ ಪಕ್ಕದಲ್ಲಿ ಕುಳಿತಿದ್ದಾಗ, ಅವರು ನನ್ನನ್ನು ಬೈಯುವ ಬದಲು ‘ಕಪ್ ಯಾರಿಗೆ ಬಂತು ಸಾರ್?’ ಎಂದು ಕೇಳಿದರು. ನನಗೆ ಉತ್ತರ ಹೇಳಲಾಗಲಿಲ್ಲ.

ಅಂದಿನಿಂದ ಈ ವಿಷಯದ ಬಗ್ಗೆ ಓದುವ ಹುಚ್ಚು ನನಗೆ ಹಿಡಿದಿದೆ. ಓದುತ್ತ ಹೋದಂತೆ ಇದರ ದೊಡ್ಡ ಪ್ರಯೋಗಶಾಲೆ ಇರುವುದು ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಎಂಬುದು ತಿಳಿಯಿತು. ಅವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಚೆಂಡಿಗೆ ಕಾಲು ತಾಗುವುದು ಕಡಿಮೆ. ಎರಡೂ ತುದಿ ಚೂಪಾದ, ಸುಲಿಯದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದೇ ಹೆಚ್ಚು. ನಮ್ಮ ಕಾಲೇಜುಗಳ ಆಟವನ್ನು ನೋಡಿದವರಿಗೆ ನಂಬಲು ಕಷ್ಟವಾಗುವ ಸಂಗತಿಯೆಂದರೆ, ಅಲ್ಲಿನ ವಿಶ್ವವಿದ್ಯಾನಿಲಯಗಳ ಕ್ರೀಡಾಂಗಣಗಳ ಪೈಕಿ ಕೆಲವು ಒಂದು ಲಕ್ಷ ಜನರನ್ನು ಕೂರಿಸುವಷ್ಟು ದೊಡ್ಡವು. ಶನಿವಾರ ಬಂತೆಂದರೆ ಇಡೀ ಊರು ಕಾಲೇಜಿನ ಬಣ್ಣದ ಅಂಗಿ ತೊಟ್ಟುಕೊಳ್ಳುತ್ತದೆ. ಬಲಿಷ್ಠ ಎದುರಾಳಿಯನ್ನು ಸೋಲಿಸಿದ ದಿನ ವಿದ್ಯಾರ್ಥಿಗಳು ಗ್ಯಾಲರಿಯಿಂದ ಇಳಿದು ಮೈದಾನವನ್ನು ತುಂಬಿಕೊಳ್ಳುವುದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಗೋಲ್ ಕಂಬವನ್ನು ಕಿತ್ತು ಹೊತ್ತೊಯ್ಯುವುದೂ ಆ ರೂಢಿಯ ಒಂದು ಭಾಗ.

ನನ್ನ ಅಕ್ಕನ ಮಗ ಎಂಎಸ್ ಓದಲೆಂದು ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ಗೆ ಹೋಗಿದ್ದ. 2022ರ ಅಕ್ಟೋಬರ್ 15ರಂದು ಅಲ್ಲಿನ ನೇಲ್ಯಾಂಡ್ ಕ್ರೀಡಾಂಗಣದಲ್ಲಿ ಟೆನೆಸಿ ತಂಡ ಅಲಬಾಮಾ ತಂಡವನ್ನು 52-49ರಿಂದ ಸೋಲಿಸಿತು. ಅದಕ್ಕೆ ಮೊದಲಿನ ಹದಿನೈದು ವರ್ಷಗಳಲ್ಲಿ ಹದಿನೈದು ಸಲವೂ ಅಲಬಾಮಾ ಗೆದ್ದಿತ್ತು. ಸಮಯ ಮುಗಿಯುತ್ತಿದ್ದಂತೆ ನಲವತ್ತು ಗಜ ದೂರದಿಂದ ಒದ್ದ ಚೆಂಡು ಓಲಾಡುತ್ತ ಕಂಬಗಳ ನಡುವೆ ಹಾದುಹೋಯಿತು. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದ ಆ ಕ್ರೀಡಾಂಗಣದ ಹಸಿರು, ಕೆಲವೇ ನಿಮಿಷಗಳಲ್ಲಿ ಒಂದು ಚೂರೂ ಕಾಣದಂತೆ ಕಿತ್ತಳೆ ಬಣ್ಣದ ಅಂಗಿಗಳಿಂದ ಮುಚ್ಚಿಹೋಯಿತು. ಆ ಪಂದ್ಯದಲ್ಲಿ ಗೆದ್ದವರು ಚುಟ್ಟಾ ಸೇದುವ ಸಂಪ್ರದಾಯವೊಂದಿದೆ; ಇಡೀ ಮೈದಾನದ ಮೇಲೆ ಹೊಗೆಯ ಚಪ್ಪರವೇ ನಿಂತಿತ್ತಂತೆ. ಗೋಲ್ ಕಂಬಗಳು ಮುರಿದು, ಜನರ ತಲೆಗಳ ಮೇಲೆ ತೇಲುತ್ತ ಹೊರಗೆ ಸಾಗಿ, ಪಕ್ಕದ ಟೆನೆಸಿ ನದಿಯಲ್ಲಿ ಮುಳುಗಿದವು. ಗಣೇಶನನ್ನು ಕೆರೆಗೆ ಕಳಿಸುವ ನಮ್ಮ ಹುಡುಗರ ಉತ್ಸಾಹವನ್ನು ನೋಡಿದವರಿಗೆ ಆ ದೃಶ್ಯ ಅಷ್ಟೇನೂ ವಿಚಿತ್ರವೆನಿಸದು. ಹೊಸ ಕಂಬಗಳಿಗಾಗಿ ವಿಶ್ವವಿದ್ಯಾನಿಲಯವು ಜಾಲತಾಣದಲ್ಲಿ ಚಂದಾ ಕೇಳಿ ಒಂದೂವರೆ ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿತೆಂಬುದನ್ನು ಓದಿದಾಗಲೂ ನನಗೆ ನೆನಪಾದದ್ದು ನಮ್ಮ ಓಣಿಗಳ ರಸೀದಿ ಪುಸ್ತಕಗಳೇ.

ಆ ರಾತ್ರಿ ಹುಡುಗ ವಿಡಿಯೊ ಕಳಿಸಿ ಫೋನ್ ಮಾಡಿದ. ಅವನ ದನಿ ಒಡೆದುಹೋಗಿತ್ತು. ‘ನೀನೂ ಇಳಿದೆಯೇನೋ?’ ಎಂದು ಕೇಳಿದೆ. ‘ಇಳಿದೆ ಮಾವ. ಇಳಿಯೋದಿಲ್ಲ ಅಂದ್ರೂ ಹಿಂದಿನವ್ರು ಬಿಡ್ತಿರಲಿಲ್ಲ. ನಾನು ನಡೀಲೇ ಇಲ್ಲ, ನನ್ನನ್ನ ಯಾರೋ ನಡೆಸಿಕೊಂಡು ಹೋದ್ರು’ ಎಂದ. ನುಗ್ಗುವ ಗುಂಪನ್ನು ದೂರದಿಂದ ನೋಡುವವರು ಅಲ್ಲಿ ಸಾವಿರಾರು ಜನ ಒಂದೇ ನಿರ್ಧಾರ ಮಾಡಿದ್ದಾರೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ನಿರ್ಧಾರ ಮಾಡುವವರು ಮುಂದಿನ ಸಾಲಿನ ಐವತ್ತೋ ನೂರೋ ಜನ. ಉಳಿದವರ ಕಾಲುಗಳನ್ನು ನಡೆಸುವುದು ಹಿಂದಿನ ಒತ್ತಡ. ಹಾಗಾಗಿ ಬಿದ್ದವನನ್ನು ಕಂಡ ಮೂರನೆಯ ಸಾಲಿನ ಹುಡುಗಿಗೆ ನಿಲ್ಲಬೇಕೆಂಬ ಮನಸ್ಸಿದ್ದರೂ ನಿಲ್ಲಲು ಆಗುವುದಿಲ್ಲ. ಅಂದಿನ ಆ ಗೋಲ್‌ಕೀಪರ್‌ನ ಕೈ ಮೇಲೆ ಹಾದುಹೋದ ಬೂಟು ಯಾರದ್ದಾಗಿತ್ತೆಂದು ಹುಡುಕುವ ಆಸೆಯನ್ನು ಆ ರಾತ್ರಿಯೇ ಬಿಟ್ಟೆ.

ಅಮೆರಿಕದವರೂ ಇದರ ಬೆಲೆ ತೆತ್ತಿದ್ದಾರೆ. 1983ರಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವಿನ ಪಂದ್ಯದ ನಂತರ ಉರುಳಿದ ಗೋಲ್ ಕಂಬ ತಾಗಿ ಹಾರ್ವರ್ಡ್‌ನ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳ ತಲೆಬುರುಡೆ ಬಿರಿಯಿತು. 2001ರಲ್ಲಿ ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಕಂಬ ಬೆನ್ನ ಮೇಲೆ ಬಿದ್ದ ವಿದ್ಯಾರ್ಥಿಯೊಬ್ಬ ಸೊಂಟದ ಕೆಳಗಿನ ಶಕ್ತಿಯನ್ನು ಕಳೆದುಕೊಂಡ. 2005ರಲ್ಲಿ ಮಿನೆಸೋಟಾ ವಿಶ್ವವಿದ್ಯಾನಿಲಯದ ಮಾರಿಸ್ ಆವರಣದಲ್ಲಿ ಇಂಥದ್ದೇ ಕಂಬಕ್ಕೆ ಒಬ್ಬ ವಿದ್ಯಾರ್ಥಿ ಬಲಿಯಾದ. ಅಲ್ಲಿನ ಕಂಬದ ಅಡ್ಡಪಟ್ಟಿ ನೆಲದಿಂದ ಹತ್ತು ಅಡಿ ಎತ್ತರದಲ್ಲಿರುತ್ತದೆ. ಅದರ ಎರಡು ತುದಿಗಳಿಂದ ಉದ್ದನೆಯ ಕೋಲುಗಳು ಆಕಾಶಕ್ಕೆ ನಿಂತಿರುತ್ತವೆ. ಅದರ ಮೇಲೆ ಹತ್ತು ಜನ ಜೋತುಬಿದ್ದು ಅಲುಗಾಡಿಸಿದರೆ ಯಾವ ಕ್ಷಣದಲ್ಲಿ, ಯಾವ ಕಡೆಗೆ ಮುರಿಯುತ್ತದೆಂದು ಯಾವ ಎಂಜಿನಿಯರನೂ ಹೇಳಲಾರ. ಈಗ ಎಷ್ಟೋ ಕಡೆ ಪಂದ್ಯ ಮುಗಿದೊಡನೆ ಸಿಬ್ಬಂದಿಯೇ ಕಂಬವನ್ನು ಮಲಗಿಸಿಬಿಡಲು ಅನುಕೂಲವಾಗುವ ಕೀಲಿನ ಕಂಬಗಳನ್ನು ನೆಟ್ಟಿದ್ದಾರೆ. ನಾನಂತೂ ಆ ಫೈನಲ್‌ನ ಮರುವಾರವೇ ನಮ್ಮ ಪೋಸ್ಟುಗಳ ಬುಡಕ್ಕೆ ಕಾಂಕ್ರೀಟ್ ಹಾಕಿಸಿದೆ. ಮರಳಿನ ಚೀಲ ನೋಡಿದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಇದನ್ನು ನಿಲ್ಲಿಸಲು ಅವರು ಹಿಡಿದಿರುವ ಮುಖ್ಯ ಉಪಾಯ ದಂಡ. ಆಗ್ನೇಯ ಭಾಗದ ದೊಡ್ಡ ವಿಶ್ವವಿದ್ಯಾನಿಲಯಗಳ ಒಕ್ಕೂಟವಾದ ಎಸ್‌ಇಸಿ 2004ರಿಂದಲೇ ಈ ಬಗ್ಗೆ ನಿಯಮ ಮಾಡಿಕೊಂಡಿದೆ. ನಾಕ್ಸ್‌ವಿಲ್‌ನ ಆ ರಾತ್ರಿಗೆ ಟೆನೆಸಿ ಕಟ್ಟಿದ್ದು 1 ಲಕ್ಷ ಡಾಲರ್. 2023ರಲ್ಲಿ ದಂಡವನ್ನು ಏರಿಸಿ ಮೊದಲ ಸಲಕ್ಕೆ 1 ಲಕ್ಷ, ಎರಡನೆಯದಕ್ಕೆ 2.5 ಲಕ್ಷ, ಆಮೇಲಿನದಕ್ಕೆ 5 ಲಕ್ಷ ಡಾಲರ್ ಎಂದು ಗೊತ್ತುಮಾಡಿದರು. ಜೊತೆಗೆ, ಒಕ್ಕೂಟದೊಳಗಿನ ಪಂದ್ಯಗಳಲ್ಲಿ ಆ ಹಣ ಎದುರಾಳಿ ವಿಶ್ವವಿದ್ಯಾನಿಲಯಕ್ಕೇ ಸೇರಬೇಕೆಂದೂ ವಿಧಿಸಿದರು. 2024ರ ಅಕ್ಟೋಬರ್ 5ರಂದು ನ್ಯಾಶ್‌ವಿಲ್‌ನಲ್ಲಿ ವ್ಯಾಂಡರ್‌ಬಿಲ್ಟ್ ತಂಡ ಆಗ ಮೊದಲ ಸ್ಥಾನದಲ್ಲಿದ್ದ ಅಲಬಾಮಾವನ್ನು 40-35ರಿಂದ ಮಣಿಸಿದಾಗ, ವಿದ್ಯಾರ್ಥಿಗಳು ಗೋಲ್ ಕಂಬವನ್ನು ಹೊತ್ತು ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಟು, ಮೈಲಿಗಟ್ಟಲೆ ನಡೆದು ಕಂಬರ್ಲೆಂಡ್ ನದಿಗೆ ಇಳಿಸಿದರು. ಸೋತ ಅಲಬಾಮಾಕ್ಕೆ ಗೆದ್ದವರಿಂದ 1 ಲಕ್ಷ ಡಾಲರ್ ಸಂದಾಯವಾಯಿತು. ವ್ಯಾಂಡರ್‌ಬಿಲ್ಟ್‌ನವರು ಜಾಣರು: ಕಂಬವನ್ನು ನದಿಯಿಂದ ಎತ್ತಿಸಿ, ತುಂಡು ಮಾಡಿಸಿ, ಆ ತುಂಡುಗಳನ್ನೇ ಅಭಿಮಾನಿಗಳಿಗೆ ಮಾರಿದರು.

ಈ ದಂಡಗಳ ಬಗ್ಗೆ ಓದುವಾಗಲೆಲ್ಲ ನನಗೆ ನಗು ಬರುತ್ತದೆ. ಓಡುವವನು ಇಪ್ಪತ್ತು ವರ್ಷದ ಹುಡುಗ. ಕಟ್ಟುವುದು ಕೋಟಿಗಟ್ಟಲೆ ವರಮಾನವುಳ್ಳ ಕ್ರೀಡಾ ವಿಭಾಗ. ಆ ಕ್ಷಣದಲ್ಲಿ ಯಾವ ವಿದ್ಯಾರ್ಥಿಯೂ ತನ್ನ ವಿಶ್ವವಿದ್ಯಾನಿಲಯದ ಬಜೆಟ್ ಪುಸ್ತಕವನ್ನು ನೆನೆಯುವುದಿಲ್ಲ. ಅಂಥ ಗೆಲುವಿನ ಚಿತ್ರ ದೇಶದ ಎಲ್ಲ ಟಿವಿಗಳಲ್ಲಿ ಓಡಿದರೆ ಸಿಗುವ ಹೆಸರಿನ ಮುಂದೆ 1 ಲಕ್ಷ ಡಾಲರ್ ಕೆಲವರಿಗೆ ಜಾಹೀರಾತಿನ ಖರ್ಚಿನಂತೆ ತೋರಿದ್ದರೂ ಆಶ್ಚರ್ಯವಿಲ್ಲ.

ಆದರೆ 2025ರಲ್ಲಿ ಆದ ಬದಲಾವಣೆಯನ್ನು ನಾನು ಎರಡು ಸಲ ಓದಿದೆ. ಎಸ್‌ಇಸಿ ಹಂತಗಳನ್ನು ತೆಗೆದುಹಾಕಿ, ಪ್ರತಿ ಸಲಕ್ಕೂ ನೇರವಾಗಿ 5 ಲಕ್ಷ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಹೆಚ್ಚು ದಂಡವೆಂದು ನಿಗದಿಪಡಿಸಿತು. ಅದರ ಬೆನ್ನಲ್ಲೇ ಒಂದು ರಿಯಾಯಿತಿಯನ್ನೂ ಇಟ್ಟಿತು: ಜನ ಮೈದಾನಕ್ಕೆ ಇಳಿಯುವ ಮೊದಲು ಎದುರಾಳಿ ತಂಡಕ್ಕೂ ತೀರ್ಪುಗಾರರಿಗೂ ಹೊರಗೆ ಹೋಗಲು ಸಾಕಷ್ಟು ಸಮಯ ಸಿಕ್ಕಿದ್ದರೆ ದಂಡವನ್ನು ಕಡಿಮೆ ಮಾಡಬಹುದು ಅಥವಾ ಮಾಫಿ ಮಾಡಬಹುದು. ಅದೇ ವರ್ಷ ಎಸಿಸಿ ಎಂಬ ಇನ್ನೊಂದು ಒಕ್ಕೂಟವೂ 50 ಸಾವಿರ, 1 ಲಕ್ಷ, 2 ಲಕ್ಷ ಡಾಲರ್‌ಗಳ ದಂಡ ವಿಧಿಸುವಾಗ ಒತ್ತು ಕೊಟ್ಟಿದ್ದು ಇದೇ ಅಂಶಕ್ಕೆ. ಆ ಒಕ್ಕೂಟದ ಕ್ಲೆಮ್ಸನ್ ವಿಶ್ವವಿದ್ಯಾನಿಲಯದಲ್ಲಿ ತವರಿನ ಪಂದ್ಯಗಳ ನಂತರ ಅಭಿಮಾನಿಗಳು ಮೈದಾನಕ್ಕೆ ಇಳಿದು, ನಟ್ಟನಡುವೆ ಬರೆದಿರುವ ಹುಲಿಪಂಜದ ಚಿತ್ರದ ಸುತ್ತ ಆಟಗಾರರೊಂದಿಗೆ ಕೂಡುವ ಪದ್ಧತಿ ಬಹುಕಾಲದಿಂದ ಇದೆ. ಗೆಲುವಿನ ದಿನಕ್ಕಷ್ಟೇ ಮೀಸಲಾಗದ ಕಾರಣ ಅಲ್ಲಿ ನುಗ್ಗುವ ಆತುರವೂ ಕಡಿಮೆ ಎಂದು ನನ್ನ ಊಹೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು, ಹುಲ್ಲನ್ನು ಮುಟ್ಟಿ ನೋಡುವ ಅಜ್ಜಿಯರು ಅದರ ಚಿತ್ರಗಳಲ್ಲಿ ಕಾಣುತ್ತಾರೆ.

ಜನ ಒಳಗೆ ಬರುವುದಕ್ಕಿಂತ ಬೇಗ ಬರುವುದು ಹೆಚ್ಚಿನ ಅನಾಹುತಕ್ಕೆ ದಾರಿ ಎಂಬುದು ನನಗೆ ಮನದಟ್ಟಾದದ್ದು ಹೀಗೆ. ಆಟ ಮುಗಿಯಿತೆಂದು ತಪ್ಪು ತಿಳಿದು ನುಗ್ಗಿದ ಎರಡು ಪ್ರಸಂಗಗಳು ಆಟದ ಚರಿತ್ರೆಯಲ್ಲೇ ಹಾಸ್ಯವಾಗಿ ಉಳಿದಿವೆ. 1975ರ ಜೂನ್ 21ರಂದು ಲಾರ್ಡ್ಸ್‌ನಲ್ಲಿ ಮೊದಲ ಕ್ರಿಕೆಟ್ ವಿಶ್ವಕಪ್ ಫೈನಲ್ ನಡೆಯುತ್ತಿದ್ದಾಗ, ಆಸ್ಟ್ರೇಲಿಯಾದ ಕೊನೆಯ ಜೋಡಿಯ ಥಾಮ್ಸನ್ ಹೊಡೆದ ಚೆಂಡನ್ನು ಫ್ರೆಡ್ರಿಕ್ಸ್ ಹಿಡಿದ ಕೂಡಲೇ ವೆಸ್ಟ್ ಇಂಡೀಸ್ ಅಭಿಮಾನಿಗಳು ಪಂದ್ಯ ಮುಗಿಯಿತೆಂದು ಒಳಗೆ ಓಡಿಬಂದರು. ಅಂಪೈರ್ ನೋಬಾಲ್ ಎಂದು ಕೂಗಿದ್ದು ಆ ಗದ್ದಲದಲ್ಲಿ ಕೇಳಿಸಿರಲಿಲ್ಲ. ಚೆಂಡು ಗುಂಪಿನಲ್ಲಿ ಕಳೆದುಹೋಗಿರುವಾಗ ಲಿಲ್ಲಿ ಮತ್ತು ಥಾಮ್ಸನ್ ಜನರ ನಡುವೆಯೇ ರನ್ ಓಡುತ್ತಿದ್ದರು. 1982ರ ನವೆಂಬರ್ 20ರಂದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ನಾಲ್ಕು ಸೆಕೆಂಡು ಉಳಿದಿರುವಾಗ ಮುನ್ನಡೆ ಪಡೆದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬ್ಯಾಂಡ್ ತಂಡ, ಗೆದ್ದೇಬಿಟ್ಟೆವೆಂದು ವಾದ್ಯಗಳ ಸಮೇತ ಮೈದಾನಕ್ಕೆ ಇಳಿಯಿತು. ಎದುರಾಳಿ ಆಟಗಾರರು ಐದು ಸಲ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಆ ವಾದ್ಯಗಾರರ ನಡುವೆಯೇ ನುಸುಳಿ, ಕೊನೆಗೆ ಒಬ್ಬ ಟ್ರೊಂಬೋನ್ ವಾದಕನನ್ನು ಕೆಡವಿ 25-20ರಿಂದ ಗೆದ್ದುಬಿಟ್ಟರು.

ಬೇಲಿಯ ಪರವಾಗಿ ಮಾತನಾಡುವ ನಮ್ಮ ಕಾಲೇಜಿನವರಿಗೆ ನಾನು ತೋರಿಸುವುದು ಬೇರೆ ಮೂರು ದಿನಾಂಕಗಳನ್ನು. 1993ರ ಅಕ್ಟೋಬರ್ 30ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣದಲ್ಲಿ ಮಿಷಿಗನ್ ತಂಡವನ್ನು 13-10ರಿಂದ ಸೋಲಿಸಿದ ಸಂಭ್ರಮದಲ್ಲಿ ವಿದ್ಯಾರ್ಥಿಗಳು ಕೆಳಗಿಳಿಯತೊಡಗಿದರು. ಮೈದಾನಕ್ಕೂ ಗ್ಯಾಲರಿಗೂ ನಡುವೆ ಕಂಬಿಗಳೂ ತಂತಿಬಲೆಯ ಬೇಲಿಯೂ ಇದ್ದವು. ಮೇಲಿನ ಸಾಲುಗಳವರಿಗೆ ಮುಂದೆ ದಾರಿ ಕಟ್ಟಿದೆ ಎಂಬುದು ಕಾಣಲಿಲ್ಲ. ಅವರು ತಳ್ಳುತ್ತಲೇ ಇದ್ದರು. ಬೇಲಿಗೆ ಒತ್ತಿಕೊಂಡ ಮುಂದಿನವರ ಮೇಲೆ ಜನ ರಾಶಿ ಬಿದ್ದು ಎಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆಗಷ್ಟೇ ಗೆದ್ದ ಆಟಗಾರರು, ಮೈಮೇಲಿನ ಕವಚವನ್ನೂ ಕಳಚದೆ, ಬಿದ್ದವರನ್ನು ಎಳೆದು ಉಸಿರು ಕೊಟ್ಟು ಬದುಕಿಸಿದರು. ಯಾರೂ ಸಾಯಲಿಲ್ಲವೆಂಬುದು ಇಂದಿಗೂ ಪವಾಡವೇ.

ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೊ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಅಂಥ ಪವಾಡ ನಡೆಯಲಿಲ್ಲ. 1989ರ ಏಪ್ರಿಲ್ 15ರಂದು ಕಿಕ್ಕಿರಿದ ನಿಂತು ನೋಡುವ ಗ್ಯಾಲರಿಯ ಮುಂಭಾಗದಲ್ಲಿದ್ದ ಎತ್ತರದ ಬೇಲಿಗೆ ಜನ ಒತ್ತಿಕೊಂಡರು. ಅಂದಿನ ನೂಕುನುಗ್ಗಲು ಕೊನೆಗೆ 97 ಜೀವಗಳನ್ನು ತೆಗೆದುಕೊಂಡಿತು. ಜನ ಮೈದಾನಕ್ಕೆ ಇಳಿಯಬಾರದೆಂದೇ ಹಾಕಿದ ಬೇಲಿ ಅದು. ಅದಕ್ಕೆ ನಾಲ್ಕು ವರ್ಷ ಮೊದಲು, 1985ರ ಮೇ 11ರಂದು, ಬ್ರ್ಯಾಡ್‌ಫರ್ಡ್‌ನಲ್ಲಿ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಸತ್ತರು. ಅಲ್ಲಿ ಗ್ಯಾಲರಿಯ ಮುಂದೆ ಬೇಲಿ ಇರಲಿಲ್ಲವಾದ್ದರಿಂದಲೇ ಸಾವಿರಾರು ಜನ ಮೈದಾನಕ್ಕೆ ಧುಮುಕಿ ಬದುಕಿಕೊಂಡರು. ಇಂಗ್ಲೆಂಡಿನವರು ಆಮೇಲೆ ಬೇಲಿಗಳನ್ನು ಕಿತ್ತುಹಾಕಿದರು, 1991ರಲ್ಲಿ ಅಕಾರಣವಾಗಿ ಮೈದಾನಕ್ಕೆ ಇಳಿಯುವುದನ್ನು ಅಪರಾಧವೆಂದು ಕಾನೂನು ಮಾಡಿದರು. ಮೈದಾನವೆಂಬುದು ಪ್ರೇಕ್ಷಕರ ಪಾಲಿಗೆ ತುರ್ತಿನ ಅಂಗಳವೂ ಹೌದೆಂಬ ಮಾತನ್ನು ನಮ್ಮ ಸಮಿತಿಯ ಸಭೆಯಲ್ಲಿ ಹೇಳಿದಾಗ ಒಬ್ಬ ಹಿರಿಯ ಸಹೋದ್ಯೋಗಿ, ‘ನಮ್ಮಲ್ಲಿ ಗ್ಯಾಲರಿಯೇ ಇಲ್ಲವಲ್ಲ’ ಎಂದರು. ನಿಜ, ಇರುವುದು ಒಂದು ಬದಿಯ ಏಳು ಮೆಟ್ಟಿಲು ಮಾತ್ರ. ಆದರೆ ಮೆಟ್ಟಿಲಿನ ಮುಂದೆ ಆರಡಿ ಬೇಲಿ ಬಂದರೆ, ಹಿಂದಿರುವುದು ಕಾಂಪೌಂಡ್ ಗೋಡೆ. ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಸತ್ತದ್ದನ್ನು ನೆನಪಿಸಿದ ಮೇಲೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಹಾಗೆಂದು ಜನರನ್ನು ಪೂರ್ತಿಯಾಗಿ ಹೊರಗಿಡಿ ಎನ್ನುವವರ ಜೊತೆಗೂ ನಾನಿಲ್ಲ. ನಮ್ಮೂರಿನವನಿಗೆ ಆ ಮಾತು ಒಪ್ಪಿಗೆಯಾಗುವುದೂ ಕಷ್ಟ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯನ್ನು ಚಿಕ್ಕಂದಿನಿಂದ ನೋಡಿದವನು ನಾನು. ಪೈಲ್ವಾನನೊಬ್ಬ ಎದುರಾಳಿಯನ್ನು ಚಿತ್ ಮಾಡಿದ ಕ್ಷಣ ಹಲಗೆಯ ಪೆಟ್ಟು ಏರುತ್ತದೆ, ಕಣದ ಸುತ್ತ ಕುಳಿತವರು ಎದ್ದು ಒಳಗೆ ಹೋಗುತ್ತಾರೆ, ಗೆದ್ದವನ ಹೆಗಲ ಮೇಲಿನ ಮಣ್ಣು ಒರೆಸಿ ಅವನ ಕೈಗೆ ನೋಟು ತುರುಕುತ್ತಾರೆ. ಇನಾಮು ಕೊಡಬೇಕೆಂದರೆ ಕಣಕ್ಕೆ ಇಳಿಯಲೇಬೇಕು. ಆದರೆ ಹಳೆಯ ಉಸ್ತಾದರಿದ್ದ ಕಣದಲ್ಲಿ ಒಂದು ಕ್ರಮವಿತ್ತು: ಸೋತವನು ಎದ್ದು, ಕಣದ ಮಣ್ಣನ್ನು ಮುಟ್ಟಿ ನಮಸ್ಕರಿಸಿ, ಗೆದ್ದವನ ಕೈ ಹಿಡಿದು ಹೊರಗೆ ಹೋಗುವವರೆಗೆ ಅವರ ಬೆತ್ತ ಅಡ್ಡ ಇರುತ್ತಿತ್ತು. ಬೆತ್ತ ಎತ್ತಿದ ಮೇಲೇ ಜನ ಒಳಗೆ ಬರಬೇಕು. ನಾಲ್ಕು ಜನ ಕಾನ್‌ಸ್ಟೇಬಲ್‌ಗಳು ಮಾಡಲಾಗದ ಕೆಲಸವನ್ನು ಆ ಮೂರಡಿಯ ಬೆತ್ತ ಮಾಡುತ್ತಿತ್ತೆಂದು ಈಗ ಅನಿಸುತ್ತದೆ.

ಗೋಲ್‌ಕೀಪರ್‌ನ ಕೈ ಮುರಿದ ಮರುವರ್ಷ ನಾನು ಆ ಬೆತ್ತವನ್ನೇ ಹಗ್ಗವನ್ನಾಗಿ ಮಾಡಿಕೊಂಡೆ. ಪೇಟೆಯಿಂದ ತೆಂಗಿನ ನಾರಿನ ದಪ್ಪ ಹಗ್ಗ ತರಿಸಿ, ಗೆರೆಯಿಂದ ಐದು ಹೆಜ್ಜೆ ಹಿಂದೆ ಬಿದಿರಿನ ಗಳ ನೆಟ್ಟು ಸೊಂಟದೆತ್ತರಕ್ಕೆ ಕಟ್ಟಿಸಿದೆ. ಎನ್‌ಸಿಸಿಯ ಹುಡುಗರನ್ನು ಹಗ್ಗದ ಒಳಗೆ ನಿಲ್ಲಿಸಿದೆ, ಆದರೆ ಜನರ ಕಡೆಗೆ ಮುಖ ಮಾಡಿ. ಆಟದ ಕಡೆಗೆ ಮುಖ ಮಾಡಿ ನಿಂತ ಕಾವಲುಗಾರ ಮೊದಲ ಗೋಲಿಗೇ ಪ್ರೇಕ್ಷಕನಾಗಿಬಿಡುತ್ತಾನೆ. ಆಟ ಶುರುವಾಗುವ ಮೊದಲೇ, ಮಧ್ಯಂತರದಲ್ಲಿ ಮತ್ತೊಮ್ಮೆ, ಮೈಕಿನಲ್ಲಿ ಹೇಳಿಸಿದೆ: ‘ಕೊನೆಯ ಸೀಟಿಯಾದ ಮೇಲೆ ಎರಡೂ ತಂಡದವರು ಕೈ ಕುಲುಕುತ್ತಾರೆ. ಬಂದ ತಂಡದವರು, ರೆಫರಿಗಳು ಹೊರಗೆ ಹೋಗುತ್ತಾರೆ. ಆಮೇಲೆ ಪಿ.ಡಿ. ಸಾರ್ ಒಂದು ಉದ್ದನೆಯ ಸೀಟಿ ಊದುತ್ತಾರೆ, ಹಗ್ಗ ಇಳಿಯುತ್ತದೆ, ಮೈದಾನ ನಿಮ್ಮದು.’ ‘ಒಳಗೆ ಬರಬೇಡಿ’ ಎಂದರೆ ನಮ್ಮ ಹುಡುಗರು ಕೇಳುವುದಿಲ್ಲ. ‘ಹತ್ತು ನಿಮಿಷ ತಡೆದು ಬನ್ನಿ’ ಎಂದರೆ, ಗೊಣಗುತ್ತಲಾದರೂ ಕೇಳುತ್ತಾರೆ. ಒಳಗೆ ಹೋಗುವುದು ಖಾತ್ರಿಯಾದವನು ನುಗ್ಗುವುದಿಲ್ಲ. ಈಗ ಹೋಗದಿದ್ದರೆ ಇಲ್ಲವೆಂದು ತಿಳಿದವನೇ ತಳ್ಳುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸು ಹತ್ತುವವರನ್ನು ನೋಡಿದರೂ ಇದು ಗೊತ್ತಾಗುತ್ತದೆ.

ಮೊದಲ ವರ್ಷ ಹಗ್ಗ ತಾಳಲಿಲ್ಲ ಎಂಬುದನ್ನೂ ಹೇಳಬೇಕು. ಕಬಡ್ಡಿ ಪಂದ್ಯವೊಂದರಲ್ಲಿ ಎರಡು ಗಳ ಕಿತ್ತುಕೊಂಡು ಬಂದವು; ಹಗ್ಗಕ್ಕೆ ಕಾಲು ತೊಡರಿ ಇಬ್ಬರು ಬಿದ್ದರು. ಕಟ್ಟಿದ ಗಂಟನ್ನು ಬಿಚ್ಚಲು ಹೊತ್ತು ಹಿಡಿದದ್ದೇ ಅದಕ್ಕೆ ಕಾರಣ. ಆಮೇಲಿಂದ ಗಂಟು ಹಾಕುವುದನ್ನು ಬಿಟ್ಟು, ಪ್ರತಿ ಗಳದ ಬಳಿ ಹಗ್ಗದ ತುದಿಯನ್ನು ಒಬ್ಬೊಬ್ಬ ಕೆಡೆಟ್ ಕೈಯಲ್ಲೇ ಹಿಡಿದು ನಿಲ್ಲುವಂತೆ ಮಾಡಿದೆ. ಒತ್ತಡ ಮಿತಿಮೀರಿದರೆ ಸೀಟಿಗೆ ಕಾಯದೆ ಹಗ್ಗವನ್ನು ನೆಲಕ್ಕೆ ಬಿಟ್ಟು ಪಕ್ಕಕ್ಕೆ ಸರಿಯಬೇಕೆಂದು ಅವರಿಗೆ ಹೇಳಿಕೊಟ್ಟೆ. ಆ ನಂತರದ ವರ್ಷಗಳಲ್ಲಿ ಅಂಥ ಅವಘಡ ಆಗಿಲ್ಲ. ಒಂದು ಸಲ ಮಾತ್ರ ನಮ್ಮವರು ಸೋತಾಗ, ಅತಿಥಿ ತಂಡದ ಬೆಂಬಲಿಗರು ಒಳಗೆ ಬರಬಹುದೇ ಎಂಬ ಪ್ರಶ್ನೆ ಎದ್ದಿತು. ಬರಬಹುದೆಂದೆ. ಅಂದು ನಮ್ಮ ಹುಡುಗರು ಮೊದಲು ಹೊರಗೆ ನಡೆದರು, ಅವರ ಊರಿನಿಂದ ಎರಡು ಟೆಂಪೊಗಳಲ್ಲಿ ಬಂದಿದ್ದ ಮೂವತ್ತು ನಲವತ್ತು ಜನ ನಮ್ಮ ಮೈದಾನದ ನಡುವೆ ತಮಟೆ ಬಾರಿಸಿ ಕುಣಿದರು. ನಮ್ಮ ಕೆಲವು ಸಹೋದ್ಯೋಗಿಗಳಿಗೆ ಅದು ಸರಿಬರಲಿಲ್ಲ. ಆ ಮೂವತ್ತು ಜನರಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಟ್ಟ ಬಿಲ್ಲನ್ನು ಕ್ರೀಡಾ ನಿಧಿಗೆ ಹಾಕಿದ್ದು ಇನ್ನೂ ಸರಿಬರಲಿಲ್ಲ.

ಪ್ರಾಂಶುಪಾಲರಿಗೆ ಕೊಟ್ಟ ಪುಟದಲ್ಲಿ ಇದೆಲ್ಲವನ್ನು ಹೀಗೆ ಇಳಿಸಿದೆ: ದನಕರು, ಬೈಕುಗಳು ಒಳಗೆ ಬರದಂತೆ ಬೇಲಿ ಬೇಕಿದ್ದರೆ ಹಾಕಿಸಿ, ಎತ್ತರ ಮಾತ್ರ ಮೂರೂವರೆ ಅಡಿ ಮೀರದಿರಲಿ. ಮೆಟ್ಟಿಲುಗಳ ಮುಂದೆ ಹನ್ನೆರಡು ಅಡಿ ಅಗಲದ ಎರಡು ಗೇಟುಗಳಿರಲಿ. ಪಂದ್ಯದ ದಿನ ಆ ಗೇಟುಗಳಿಗೆ ಬೀಗ ಹಾಕಕೂಡದು. ಚಿಲಕ ಸಾಕು, ಚಿಲಕದ ಬಳಿ ಒಬ್ಬ ಮನುಷ್ಯ ಇರಲಿ. ಬಂದ ತಂಡಕ್ಕೆ ಜನರ ನಡುವೆ ಹಾಯದೆ ಬಸ್ಸಿನವರೆಗೆ ಹೋಗಲು ಬೇರೆ ದಾರಿ ಇರಲಿ.

ಆಡಳಿತ ಮಂಡಳಿ ಒಪ್ಪಿದೆ, ಎತ್ತರವನ್ನು ನಾಲ್ಕು ಅಡಿ ಮಾಡಿಕೊಂಡು. ಕಳೆದ ಗುರುವಾರ ವೆಲ್ಡಿಂಗ್ ಅಂಗಡಿಯವರು ಅಳತೆ ತೆಗೆದುಕೊಳ್ಳಲು ಬಂದಿದ್ದರು. ಟೇಪು ಸುತ್ತಿಕೊಳ್ಳುತ್ತ, ‘ಸಾರ್, ಗೇಟು ಮೆಟ್ಲ ಕಡೆ ತೆರೀಬೇಕೋ, ಗ್ರೌಂಡ್ ಕಡೆ ತೆರೀಬೇಕೋ? ಮೆಟ್ಲ ಕಡೆ ತೆಗೆಯೋ ಹಂಗೆ ಮಾಡಿದ್ರೆ ಹುಡುಗ್ರು ಎಷ್ಟ್ ತಳ್ಳಿದ್ರೂ ಜಗ್ಗಲ್ಲ, ಗಟ್ಟಿ’ ಎಂದರು.

‘ಗ್ರೌಂಡ್ ಕಡೆಗೇ ತೆರೀಬೇಕು’ ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಚೀಟಿಯಲ್ಲಿ ಬಾಣದ ಗುರುತನ್ನು ಅಳಿಸಿ ಮತ್ತೊಂದು ದಿಕ್ಕಿಗೆ ಬರೆದುಕೊಂಡರು.